ಮಹಜರನ್ನು ಮಳೆಗಾಲದಲ್ಲಿ ಬರೆಯಿಸಿ: ಕಂದಾಯ ಮತ್ತು ಅರಣ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಂದಾಯ ಸಚಿವರಿಗೆ ಮತ್ತು ಮಾನ್ಯ ಅರಣ್ಯ ಸಚಿವರಿಗೆ,
ವಿಧಾನಸೌಧ, ಬೆಂಗಳೂರು.

ಮಾನ್ಯರೇ,

ನಾನು ಕರಾವಳಿಯ ಒಂದು ತಾಲ್ಲೂಕಿನಲ್ಲಿ ಗ್ರಾಮ ಲೆಕ್ಕಿಗನಾಗಿ ಕೆಲಸ ಮಾಡಿದವನು. ಹುದ್ದೆಯ ಹೆಸರು ಏನೇ ಇದ್ದರೂ ಊರಿನವರು ಕೊನೆಯವರೆಗೂ ‘ಶಾನುಭೋಗ್ರು’ ಎಂದೇ ಕರೆದರು. ನಿವೃತ್ತಿಯ ನಂತರ ಮಗನ ಮನೆಯಲ್ಲಿ, ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ಇದ್ದೇನೆ. ಒಂದು ಚಿಟ್ಟೆಗೋಸ್ಕರ ಇಬ್ಬರು ಸಚಿವರಿಗೆ ಪತ್ರ ಬರೆಯುತ್ತೀರಾ ಅಪ್ಪ ಎಂದು ಮಗ ಕೇಳಿದ. ಇಬ್ಬರಿಗೂ ಬರೆಯಲೇಬೇಕು. ಆ ಚಿಟ್ಟೆ ಬದುಕುವ ನೆಲ ಇರುವುದು ಕಂದಾಯ ಇಲಾಖೆಯ ಪುಸ್ತಕದಲ್ಲಿ, ಅಲ್ಲಿ ಗುಂಡಿ ತೋಡಿ ಗಿಡ ನೆಡುವುದು ಅರಣ್ಯ ಇಲಾಖೆ.

ಕಳೆದ ವರ್ಷ ಆಟಿ ತಿಂಗಳ, ಎಂದರೆ ಜುಲೈ-ಆಗಸ್ಟಿನ ಜಡಿಮಳೆಯ ತುಳು ತಿಂಗಳ, ಒಂದು ಬೆಳಿಗ್ಗೆ ನನ್ನ ಹೆಂಡತಿ ನಮ್ಮ ರಸ್ತೆಯ ಕೊನೆಯ ಖಾಲಿ ಸೈಟಿನಿಂದ ತಗಚೆ ಸೊಪ್ಪು ಕೊಯ್ದು ತಂದಳು. ತುಳುವಿನಲ್ಲಿ ನಾವು ಅದಕ್ಕೆ ತಜಂಕ್ ಎನ್ನುತ್ತೇವೆ. ಎಳೆ ತಜಂಕಿಗೆ ಹಲಸಿನ ಬೀಜ ಹಾಕಿದ ಪಲ್ಯ ಒಂದು ಸಲವಾದರೂ ಆಗದಿದ್ದರೆ ನಮಗೆ ಆಟಿ ಕಳೆದ ಹಾಗಾಗುವುದಿಲ್ಲ. ಬೆಂಗಳೂರಿಗೆ ಬಂದ ಮೇಲೂ ಅದು ತಪ್ಪಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ಒಳಗಿನಿಂದ ಕರೆದಳು: “ಇಲ್ಲಿ ಬನ್ನಿ, ಎಲೆಯ ಮೇಲೆ ಎಂಥದೋ ಉಂಟು.”

ಎಲೆಯ ಮೇಲೆ ಬಿಳಿಯ ಒಂದು ಮೊಟ್ಟೆ ನೆಟ್ಟಗೆ ನಿಂತಿತ್ತು. ಅಕ್ಕಿನುಚ್ಚಿಗಿಂತ ಸಣ್ಣದು, ಎರಡು ತುದಿಯೂ ಚೂಪು, ನಡುವೆ ಸ್ವಲ್ಪ ಉಬ್ಬು. ಭೂತಗನ್ನಡಿ ಹಿಡಿದರೆ ಮೈಯುದ್ದಕ್ಕೂ ನವಿರಾದ ಗೀರುಗಳು. ಇನ್ನೊಂದು ರೆಂಬೆಯಲ್ಲಿ ಹುಳವೊಂದಿತ್ತು. ಎಲೆಯ ಹಸಿರೇ ಅದರ ಹಸಿರು, ಪಕ್ಕೆಯಲ್ಲಿ ಒಂದು ತೆಳು ಬಿಳಿ ಗೆರೆ. ಅದು ಅಲುಗಾಡದಿದ್ದರೆ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ. ಆ ಎರಡು ರೆಂಬೆ ಪಲ್ಯಕ್ಕೆ ಹೋಗಲಿಲ್ಲ. ನೀರು ತುಂಬಿದ ಲೋಟದಲ್ಲಿ ಅವನ್ನು ನಿಲ್ಲಿಸಿ ಕಿಟಕಿಯ ಹತ್ತಿರ ಇಟ್ಟೆವು. ದಿನಾ ಬೆಳಿಗ್ಗೆ ನಾನೇ ಹೋಗಿ ಹೊಸ ಸೊಪ್ಪು ತರುತ್ತಿದ್ದೆ. ಹುಳ ಒಂದು ದಿನ ತಿನ್ನುವುದನ್ನು ನಿಲ್ಲಿಸಿ, ಕಡ್ಡಿಗೆ ಅಂಟಿಕೊಂಡು, ನಡುವಿಗೆ ರೇಷ್ಮೆಯ ಒಂದೇ ಎಳೆಯನ್ನು ಉಡಿದಾರದ ಹಾಗೆ ಸುತ್ತಿಕೊಂಡು ಕೋಶವಾಯಿತು. ಕೋಶವೂ ಹಸಿರೇ. ಅದು ಒಡೆಯುವ ಹಿಂದಿನ ದಿನ ಒಳಗಿನ ಹಳದಿ ರೆಕ್ಕೆ ಹೊರಗೆ ಕಾಣತೊಡಗಿತು. ಬೆಳಿಗ್ಗೆ ನಾವು ಕಾಫಿ ಕುಡಿಯುವ ಹೊತ್ತಿಗೆ ಚಿಟ್ಟೆ ಹೊರಗೆ ಬಂದು, ಒದ್ದೆ ರೆಕ್ಕೆಗಳನ್ನು ಇಳಿಬಿಟ್ಟು ಕಡ್ಡಿಗೆ ಜೋತುಬಿದ್ದಿತ್ತು. ಬಿಸಿಲೇರಿದ ಮೇಲೆ ಕಿಟಕಿ ತೆರೆದೆ. ನೆಲಕ್ಕೆ ತಾಗಿದ ಹಾಗೆ ಹಾರುತ್ತ ಅದು ಸೀದಾ ಆ ಸೈಟಿನ ಕಡೆಗೆ ಹೋಯಿತು.

ಆ ಹಾರಾಟ ನೋಡಿದಾಗ ಗೊತ್ತಾಯಿತು, ಇದನ್ನು ನಾನು ನೌಕರಿಯ ಉದ್ದಕ್ಕೂ ನೋಡಿದ್ದೇನೆ. ಸರ್ವೆ ಸಂಕೋಲೆ ಎಳೆಯುವಾಗ, ಗಡಿಕಲ್ಲು ಹುಡುಕುವಾಗ, ಕಾಲಬುಡದಿಂದ ಎದ್ದು ನಾಲ್ಕು ಮಾರು ಮುಂದೆ ಹೋಗಿ ಕೂರುತ್ತಿದ್ದ ಹಳದಿ ಚಿಟ್ಟೆ ಇದೇ. ಅದಕ್ಕೊಂದು ಹೆಸರಿದೆ, ಅದಕ್ಕೆ ಬೇಕಾದ ಒಂದು ಗಿಡ ಇದೆ, ಒಂದು ನೆಲ ಇದೆ ಎಂದು ಆಗ ಯೋಚಿಸಿರಲಿಲ್ಲ.

ಇಂಗ್ಲಿಷಿನಲ್ಲಿ ಅದನ್ನು ಕಾಮನ್ ಗ್ರಾಸ್ ಯೆಲ್ಲೋ ಎನ್ನುತ್ತಾರೆ. ಹುಲ್ಲಿನ ಹಳದಿ ಚಿಟ್ಟೆ ಎಂದು ನಾನು ಹೇಳುತ್ತೇನೆ. ಶಾಸ್ತ್ರೀಯ ಹೆಸರು ಯುರೆಮಾ ಹೆಕಾಬೆ. ಸ್ವೀಡನ್ನಿನ ಲಿನೇಯಸ್ 1758ರಲ್ಲೇ ಅದನ್ನು ದಾಖಲಿಸಿದ್ದ. ರೆಕ್ಕೆ ಬಿಚ್ಚಿದರೆ ನಾಲ್ಕರಿಂದ ಐದು ಸೆಂಟಿಮೀಟರ್. ಆಫ್ರಿಕದಿಂದ ಆಸ್ಟ್ರೇಲಿಯದವರೆಗೆ ಹರಡಿದೆ. ಹೆಸರಿನಲ್ಲಿ ಹುಲ್ಲಿದ್ದರೂ ಅದರ ಹುಳ ಹುಲ್ಲು ಮುಟ್ಟುವುದಿಲ್ಲ. ಹುಲ್ಲಿನ ನಡುವೆ, ಕಾಲುದಾರಿಯ ಬದಿಯಲ್ಲಿ ಬೆಳೆಯುವ ತಗಚೆ ಮತ್ತು ಅದರ ಬಳಗದ ಗಿಡಗಳೇ ಅದರ ಊಟ. ಬಿಸಿಲು ಬೀಳುವ ತೆರೆದ ಜಾಗ ಬೇಕು, ತಗಚೆ ಬೇಕು, ಮಳೆಯ ನಂತರ ಗಂಡುಗಳು ಗುಂಪಾಗಿ ಕೂತು ಉಪ್ಪಿನಂಶ ಹೀರಲು ಒಂದಿಷ್ಟು ಒದ್ದೆ ಮಣ್ಣು ಬೇಕು. ಅದು ಕೇಳುವುದು ಇಷ್ಟೇ.

ಮಳೆಗಾಲದಲ್ಲಿ ಹುಟ್ಟಿದ ಚಿಟ್ಟೆಗೂ ಬೇಸಿಗೆಯ ಚಿಟ್ಟೆಗೂ ಉಡುಪು ಬೇರೆ. ಮಳೆಗಾಲದ್ದರ ಮೇಲ್ರೆಕ್ಕೆಗೆ ಅಗಲವಾದ ಕಪ್ಪು ಅಂಚು. ಒಣಗಾಲದಲ್ಲಿ ಆ ಅಂಚು ಕಿರಿದಾಗುತ್ತದೆ, ರೆಕ್ಕೆಯ ಅಡಿಯಲ್ಲಿ ತುಕ್ಕಿನ ಬಣ್ಣದ ಕಲೆಗಳು ಮೂಡುತ್ತವೆ, ಕೂತರೆ ಒಣಗಿದ ಎಲೆಯೆನ್ನಬೇಕು. ಹುಳುವಾಗಿದ್ದಾಗಲೇ ಹಗಲಿನ ಉದ್ದ, ಸೆಕೆ, ತಂಪು ಇವುಗಳಿಂದ ಮುಂದಿನ ಕಾಲವನ್ನು ಅದು ಅಂದಾಜು ಮಾಡಿಬಿಡುತ್ತದೆ. ಗಂಡಿನ ರೆಕ್ಕೆಯಲ್ಲಿ ನಮಗೆ ಕಾಣದ ನೇರಳಾತೀತ ಹೊಳಪು ಇದೆ, ಹೆಣ್ಣಿಗೆ ಅದು ಕಾಣುತ್ತದೆ. ಆ ಹಳದಿಯ ಬಗ್ಗೆ ಓದಿದ ಒಂದು ಸಂಗತಿ ನನ್ನನ್ನು ಬಿಟ್ಟುಹೋಗಿಲ್ಲ. ಅದು ಟೆರಿನ್ ಎಂಬ ವರ್ಣದ್ರವ್ಯ, ದೇಹ ಕಸವೆಂದು ಹೊರಗೆ ಹಾಕುವ ಯೂರಿಕ್ ಆಮ್ಲದ ಹತ್ತಿರದ ನೆಂಟ.

ಇನ್ನು ನೆಲದ ವಿಷಯ.

ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಮುರಕಲ್ಲಿನ ಮೇಲೆ ಹರಡಿಕೊಂಡ ಹುಲ್ಲಿನ ಬಯಲಿಗೆ ಪದವು ಎನ್ನುತ್ತೇವೆ. ಬೆಂಗಳೂರಿನವರು ಮಂಗಳೂರಿನ ಬಸ್ಸುಗಳ ಮೇಲೆ ಪದವಿನಂಗಡಿ ಎಂಬ ಹೆಸರು ನೋಡಿರಬಹುದು, ಅದು ಇದೇ ಪದವು. ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಸಿಕ್ಕಿದ್ದು ಮಲಬಾರಿನ ಅಂಗಡಿಪುರಂನಲ್ಲಿ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿದ ಫ್ರಾನ್ಸಿಸ್ ಬುಕಾನನ್, ಜನ ಅದನ್ನು ಇಟ್ಟಿಗೆಯ ಹಾಗೆ ಕಡಿಯುವುದನ್ನು ನೋಡಿ, ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂಬರ್ಥದ ಪದದಿಂದ ಆ ಹೆಸರು ಕೊಟ್ಟ. ನೆಲದಲ್ಲಿರುವಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿ. ಮೈಯೆಲ್ಲ ತೂತು. ಸುರಿದ ಮಳೆ ಅದರೊಳಗೆ ಇಳಿದು, ಕೆಳಗಿನ ಬೈಲಿನ ಬಾವಿಗಳಲ್ಲಿ, ಮದಕಗಳಲ್ಲಿ, ಗುಡ್ಡ ಕೊರೆದ ಸುರಂಗಗಳಲ್ಲಿ ನೀರಾಗಿ ಬರುತ್ತದೆ. ಮೇಲೆ ನಿಂತು ನೋಡಿದವರಿಗೆ ಬರೀ ಕಲ್ಲು.

ಏಪ್ರಿಲಿನಲ್ಲಿ ಪದವನ್ನು ನೋಡಿದರೆ ಯಾರಿಗೂ ಅದರ ಮೇಲೆ ಪ್ರೀತಿ ಹುಟ್ಟಲಾರದು. ಕಪ್ಪು ಕಲ್ಲು, ಸುಟ್ಟ ಹುಲ್ಲು, ಕಾಲು ಸುಡುವ ಬಿಸಿಲು. ಜೂನಿನಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಕಲ್ಲಿನ ಪ್ರತಿ ಕುಳಿಯಲ್ಲೂ ನೀರು ನಿಲ್ಲುತ್ತದೆ, ನೀರಿನ ಅಂಚಿಗೆ ಪಾಚಿ, ಪಾಚಿಯ ಮೇಲೆ ಬೆರಳುದ್ದದ ಗಿಡಗಳು. ಜುಲೈ ಆಗಸ್ಟಿನಲ್ಲಿ ಹೂವೇ ಹೂವು. ಗುಂಡುಪಿನ್ನಿನ ತಲೆಯಂಥ ಬಿಳಿ ಹೂಗಳ ಎರಿಯೋಕಾಲಾನ್, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ, ಅಂಟುಹನಿ ಹೊತ್ತು ಹುಳ ಹಿಡಿಯುವ ಡ್ರಾಸೆರಾ. ಈ ಹೆಸರುಗಳನ್ನೆಲ್ಲ ಕಲಿತದ್ದು ನಿವೃತ್ತನಾದ ಮೇಲೆ. ಮಣ್ಣು ಸ್ವಲ್ಪ ಆಳವಾಗಿರುವಲ್ಲಿ, ದನ ಓಡಾಡುವ ದಾರಿಯ ಬದಿಯಲ್ಲಿ ತಗಚೆ ಮೊಣಕಾಲೆತ್ತರ ಬೆಳೆಯುತ್ತದೆ. ಅದರ ಮೇಲೆ, ಬಿಸಿಲು ಇಣುಕಿದ ಗಳಿಗೆಯಲ್ಲಿ, ಹಳದಿ ಚಿಟ್ಟೆ.

ಮಾನ್ಯರೇ, ನಾನು ಬರೆದ ಒಂದು ಮಹಜರಿನ ವಿಷಯ ಈಗ ಹೇಳಬೇಕು.

ಊರಿನ ಹೆಸರು ಬೇಡ, ಕಚೇರಿಯ ಹೆಸರೂ ಬೇಡ. ಒಂದು ಪದವಿನ ಸುಮಾರು ನಲ್ವತ್ತು ಎಕರೆಯನ್ನು ಬೇರೆ ಉದ್ದೇಶಕ್ಕೆ ಕೊಡುವ ಕಡತ ಬಂದಿತ್ತು. ಸ್ಥಳ ತನಿಖೆಗೆ ನಾನು, ಉಗ್ರಾಣಿ (ಗ್ರಾಮ ಸಹಾಯಕ), ಇಬ್ಬರು ಪಂಚರು ಹೋದೆವು. ಏಪ್ರಿಲ್ ಕೊನೆಯ ವಾರ. ಒಂದು ಗೇರುಮರದ ನೆರಳಲ್ಲಿ ಕೂತು ಬರೆದೆ: “ಸದರಿ ಜಮೀನು ಖಾಲಿ ಇದ್ದು, ಯಾವುದೇ ಮರಮಟ್ಟು, ಬೆಳೆ, ಕಟ್ಟಡ ಇರುವುದಿಲ್ಲ. ಸಾಗುವಳಿಗೆ ಯೋಗ್ಯವಾಗಿರುವುದಿಲ್ಲ.” ಪಂಚರು ಸಹಿ ಹಾಕುವಾಗ, ಅಲ್ಲೇ ದರಗು (ಉದುರಿದ ಒಣ ಎಲೆ) ಗುಡಿಸುತ್ತಿದ್ದ ಒಬ್ಬ ಅಜ್ಜಿ ಹತ್ತಿರ ಬಂದು ಕೇಳಿದರು.

“ಎಂಥ ಬರೆದಿರಿ ಶಾನುಭೋಗ್ರೆ?”

“ಜಾಗ ಖಾಲಿ ಉಂಟು ಅಂತ.”

ಅವರು ಒಮ್ಮೆ ಸುತ್ತ ನೋಡಿದರು. “ಈಗ ಬಂದರೆ ಖಾಲಿಯೇ. ಆಟಿಯಲ್ಲಿ ಬರಬೇಕಿತ್ತು ನೀವು.”

ಉಗ್ರಾಣಿ ನಕ್ಕ. ನಾನೂ ನಕ್ಕೆ. ಕಾಗದ ಮಡಚಿ ಚೀಲಕ್ಕೆ ಹಾಕಿದೆ. ನಾನು ಬರೆದದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಮರ ಇರಲಿಲ್ಲ, ಬೆಳೆ ಇರಲಿಲ್ಲ, ಕಟ್ಟಡ ಇರಲಿಲ್ಲ. ಆ ನಮೂನೆಯಲ್ಲಿ ಕೇಳಿದ್ದು ಅಷ್ಟೇ, ನಾನು ಹೇಳಿದ್ದೂ ಅಷ್ಟೇ. ಆ ಅಜ್ಜಿ ತಮ್ಮ ಪ್ರಾಯದ ಕಾಲದಲ್ಲಿ ಅದೇ ಪದವಿನಲ್ಲಿ ಮುಳಿಹುಲ್ಲು ಕೊಯ್ದು ತಲೆಹೊರೆಯಲ್ಲಿ ಸಾಗಿಸಿದವರು ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಆ ನಲ್ವತ್ತು ಎಕರೆಯಲ್ಲಿ ಈಗ ಮೇಲಿನ ಕಲ್ಲೂ ಇಲ್ಲ.

ಮುಳಿಹುಲ್ಲು ಎಂದೆ. ಕರಾವಳಿಯ ಬಡವರ ಮನೆಯ ಮಾಡು ಒಂದು ಕಾಲದಲ್ಲಿ ಮುಳಿಯದೇ. ಮಳೆ ನಿಂತು ಹುಲ್ಲು ಬಲಿತ ಮೇಲೆ ಪದವಿನಲ್ಲಿ ಕೊಯ್ಲು. ಎಷ್ಟು ಮನೆಗೆ ಎಷ್ಟು ಕಟ್ಟು ಬೇಕು, ಯಾರು ಯಾವ ಕಡೆ ಕೊಯ್ಯಬೇಕು ಎಂದು ಊರಿಗೇ ಗೊತ್ತಿತ್ತು. ವರ್ಷ ವರ್ಷ ಹುಲ್ಲು ಕೊಯ್ದದ್ದರಿಂದ, ದನ ಮೇದದ್ದರಿಂದ ಪೊದೆ ಏಳಲಿಲ್ಲ, ಪದವು ಪದವಾಗಿಯೇ ಉಳಿಯಿತು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ನಿಧಾನವಾಗಿ ಹಂಚು ಬಂತು, ಆಮೇಲೆ ತಾರಸಿ ಬಂತು. ಮುಳಿ ಬೇಡವಾಯಿತು. ಅದರ ಜೊತೆಗೇ ಪದವೂ ಯಾರಿಗೂ ಬೇಡವಾಯಿತು. ಹಂಚು ಬಂದದ್ದು ಕೆಟ್ಟದಾಯಿತು ಎಂದು ನಾನು ಹೇಳಲಾರೆ, ಸೋರದ ಮನೆ ಎಲ್ಲರಿಗೂ ಬೇಕು. ಆದರೆ ಜನರಿಗೆ ಉಪಯೋಗ ತಪ್ಪಿದ ಆ ದಿನದಿಂದ ನೆಲ ನಮ್ಮ ಕಡತದ ಮಾತಿಗೆ ಸಿಕ್ಕಿಬಿದ್ದಿತು.

ಕಡತದ ಮಾತು ಎಂಥದು ನೋಡಿ. ಮೈಸೂರು ಕಡೆಯ ಪಹಣಿಯಲ್ಲಿ ‘ಖರಾಬು’. ಮದರಾಸು ಸರ್ಕಾರದ ಕಾಲದಿಂದ ನಮ್ಮ ಜಿಲ್ಲೆಗೆ ಬಂದದ್ದು ‘ಪರಂಬೋಕು’. ಕೆಲಸವಿಲ್ಲದೆ ಅಲೆಯುವವನನ್ನೂ ನಮ್ಮ ಕಡೆ ಅದೇ ಮಾತಿನಿಂದ ಬೈಯುತ್ತಾರೆ. ಕೇಂದ್ರ ಸರ್ಕಾರ 2000ದಿಂದ ಹೊರತರುತ್ತಿರುವ ಭೂಪಟಗಳ ಸಂಪುಟದ ಹೆಸರೇ ‘ಪಾಳುಭೂಮಿ’ಯ ಅಟ್ಲಾಸ್. ‘ಭೂಮಿ’ ಯೋಜನೆಯಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದಾಗ ಈ ಮಾತುಗಳೂ ಏರಿದವು. ನಮ್ಮಲ್ಲೇ ಬೇರೆ ಮಾತು ಇರಲಿಲ್ಲವೇ? ಉತ್ತರ ಕನ್ನಡದ ಅಡಿಕೆ ಬೆಳೆಗಾರನಿಗೆ ಹುಲ್ಲಿನ ನೆಲ ಬೇಣ. ಹಳೆ ಮೈಸೂರಿನಲ್ಲಿ ಗೋಮಾಳ, ಕಾವಲು. ನಮ್ಮಲ್ಲಿ ಪದವು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂನಲ್ಲಿ ಕುಮ್ಕಿ, ಬಾಣೆ, ಬೆಟ್ಟ, ಹಾಡಿ ಎಂಬ ಊರಮಾತುಗಳು ಹಾಗೆಯೇ ಇವೆ. ಊರಿನ ಮಾತನ್ನು ಕಾನೂನಿಗೆ ತರಬಹುದು ಎಂದಾಯಿತಲ್ಲ.

ಖಾಲಿ ಎಂದು ಬರೆದ ನೆಲಕ್ಕೆ ಆಗುವುದೇನು ಎಂದು ನಿಮಗೆ ನಾನು ಹೇಳಬೇಕಿಲ್ಲ. ಕೆಲವು ಒಳ್ಳೆಯದಕ್ಕೇ ಆಗಿದೆ. ಬೋಳು ಗುಡ್ಡವಾಗಿದ್ದ ಮಣಿಪಾಲದಲ್ಲಿ 1953ರಲ್ಲಿ ವೈದ್ಯಕೀಯ ಕಾಲೇಜು ಬಂತು. ಕೊಣಾಜೆಯಲ್ಲಿ 1980ರಲ್ಲಿ ವಿಶ್ವವಿದ್ಯಾಲಯ ಬಂತು, ನನ್ನ ತಮ್ಮ ಅಲ್ಲೇ ಓದಿದ. ನನ್ನ ತಕರಾರು ಬೇರೆ. ಏನೂ ಕಟ್ಟದ ಕಡೆಯಲ್ಲೂ ಪದವನ್ನು ಹಾಗೆಯೇ ಬಿಡಲು ನಮಗೆ ಮನಸ್ಸಾಗಲಿಲ್ಲ. ಆಸ್ಟ್ರೇಲಿಯ, ನ್ಯೂಗಿನಿ ಕಡೆಯ ಅಕೇಶಿಯಾ ತಂದು ಸಾಲುಸಾಲಾಗಿ ನೆಟ್ಟೆವು, ‘ಬೋಳು ಗುಡ್ಡಕ್ಕೆ ಹಸಿರು’ ಎಂದು ಬೋರ್ಡು ಹಾಕಿದೆವು. ಆ ತೋಪಿನೊಳಗೆ ಮಳೆಗಾಲದಲ್ಲಿ ಒಂದು ಗಂಟೆ ನಡೆದು ನೋಡಿ. ಕಾಲಡಿಯಲ್ಲಿ ಕೊಳೆಯದ ದರಗಿನ ದಪ್ಪ ಹಾಸು, ಅದರ ಕೆಳಗೆ ಮುಳಿ ಇಲ್ಲ, ತಗಚೆ ಇಲ್ಲ, ನೀಲಿ ಹೂವಿಲ್ಲ. ಚಿಟ್ಟೆ ಬರುವುದು ತೋಪಿನ ಅಂಚಿನವರೆಗೆ, ಬಿಸಿಲು ಇರುವವರೆಗೆ.

ಈ ಚಿಟ್ಟೆ ಅಳಿವಿನಂಚಿನಲ್ಲಿದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ. ಅದು ಸಾಮಾನ್ಯ ಚಿಟ್ಟೆ, ಹೆಸರಿನಲ್ಲೇ ಸಾಮಾನ್ಯ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಅಂಗೈಗಿಂತ ದೊಡ್ಡದು, ಮೈಮೇಲೆ ನಮ್ಮ ಬಾವುಟದ ಬಣ್ಣ, ಅದಕ್ಕೆ ಘಟ್ಟದ ಕಾಡಿದೆ. ಬನ್ನೇರುಘಟ್ಟದಲ್ಲಿ 2006ರಲ್ಲಿ ಏಳೂವರೆ ಎಕರೆಯ ಚಿಟ್ಟೆ ಪಾರ್ಕು ಮಾಡಿದಿರಿ, ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಸಾಮಾನ್ಯವಾದದ್ದಕ್ಕೆ ಪಾರ್ಕು ಬೇಕಾಗುವ ದಿನ ಬರಬಾರದು, ನನ್ನ ಆತಂಕ ಇದು. ಎಲ್ಲ ಕಡೆ ಇದೆ ಎಂಬ ಒಂದೇ ಕಾರಣಕ್ಕೆ ಯಾವ ಕಡೆಯೂ ಅದರ ಲೆಕ್ಕ ಇಡುವವರಿಲ್ಲ. ಪದವಿನಲ್ಲಿ ಅದರ ಜೊತೆಗೇ ಇರುವ ನೀಲಿ ಪ್ಯಾನ್ಸಿ ಚಿಟ್ಟೆ, ಬರಿನೆಲದಲ್ಲಿ ಮೊಟ್ಟೆಯಿಡುವ ಟಿಟ್ಟಿಭ, ಹುಲ್ಲಿನಿಂದ ನೆಟ್ಟಗೆ ಮೇಲೇರಿ ಹಾಡುವ ಬಾನಾಡಿ ಇವುಗಳಿಗೆ ಬೆಂಗಳೂರಿನ ಒಂದು ಖಾಲಿ ಸೈಟಿನಲ್ಲಿ ಬದುಕುವುದು ಕಷ್ಟ. ಹಳದಿ ಚಿಟ್ಟೆ ಹೇಗೋ ಬದುಕುತ್ತದೆ. ಹಾಗಾಗಿ ಅದರ ಹೆಸರಿನಲ್ಲಿ ಎಲ್ಲವುಗಳ ಪರವಾಗಿ ಕೇಳುತ್ತಿದ್ದೇನೆ.

ಹೇಗೋ ಬದುಕುತ್ತದೆ ಎಂದೆ, ಅದಕ್ಕೂ ಮಿತಿ ಇದೆ. ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ರಸ್ತೆಯ ಆ ಸೈಟಿಗೆ ಹುಲ್ಲು ಕತ್ತರಿಸುವ ಮೆಷಿನ್ ಹಿಡಿದು ಇಬ್ಬರು ಹುಡುಗರು ಬಂದರು. ಸೊಳ್ಳೆ ಕಾಟ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಸೊಳ್ಳೆ ಇದ್ದದ್ದು ಪಕ್ಕದ ಮೋರಿಯ ನಿಂತ ನೀರಿನಲ್ಲಿ, ಅದು ಇಂದಿಗೂ ನಿಂತೇ ಇದೆ. ತಗಚೆಯಲ್ಲಿ ಕಾಯಿ ಆಗಿ ಇನ್ನೂ ಬಲಿತಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲ ನೆಲಸಮ. ಹುಡುಗರ ತಪ್ಪಲ್ಲ, ಅವರಿಗೆ ಹೇಳಿದ್ದನ್ನು ಅವರು ಮಾಡಿದರು. ಕತ್ತರಿಸಿ ಬಿದ್ದ ರೆಂಬೆಗಳಲ್ಲಿ ನಾನು ಹುಡುಕಿದೆ, ಹನ್ನೊಂದು ಹುಳ ಸಿಕ್ಕಿದವು. ಹೊಸ ಸೊಪ್ಪು ಎಲ್ಲಿಂದ ತರುವುದು? ನಮ್ಮ ಸುತ್ತ ನಾಲ್ಕು ರಸ್ತೆ ತಿರುಗಿದ ಮೇಲೆ ಕೆರೆಯ ಏರಿಯ ಹಿಂಭಾಗದಲ್ಲಿ ಐದಾರು ಗಿಡ ಸಿಕ್ಕಿತು. ಅಲ್ಲಿ ಬಿಟ್ಟು ಬಂದೆ.

ನನ್ನ ಕೋರಿಕೆ ದೊಡ್ಡದಲ್ಲ. ಕಂದಾಯ ಸಚಿವರೇ, ಕರಾವಳಿಯ ಮೂರು ಜಿಲ್ಲೆಗಳಲ್ಲಿ ಪದವು, ಬೇಣ, ಮುರಕಲ್ಲಿನ ಬಯಲು ಯಾವುದೇ ಮಂಜೂರಾತಿಗೆ ಬಂದಾಗ, ಸ್ಥಳ ತನಿಖೆ ಜುಲೈನಿಂದ ಸೆಪ್ಟೆಂಬರಿನ ಒಳಗೆ ಒಮ್ಮೆ ಕಡ್ಡಾಯವಾಗಿ ನಡೆಯಲಿ. ಬೇಸಿಗೆಯ ಮಹಜರು ಒಂದನ್ನೇ ನಂಬಿ ಕಡತ ಮುಂದೆ ಹೋಗದಿರಲಿ. ಮಹಜರಿನ ನಮೂನೆಯಲ್ಲಿ ಮರಮಟ್ಟು, ಬೆಳೆ, ಕಟ್ಟಡ ಎಂಬ ಸಾಲಿನ ಜೊತೆ ‘ಹುಲ್ಲುಗಾವಲು’ ಎಂಬ ಸಾಲು ಬರಲಿ. ಅಲ್ಲಿ ಕೆಳಗಿನ ಬಾವಿಗಳ ವಿಷಯವೂ ಸೇರಲಿ. ನನ್ನ ಅನುಭವದಲ್ಲಿ ಇಂಥದ್ದು ಒಂದು ಸುತ್ತೋಲೆಯಿಂದ ಆಗುವ ಕೆಲಸ. ಗ್ರಾಮ ಲೆಕ್ಕಿಗ ನಮೂನೆಯಲ್ಲಿ ಕೇಳಿದ್ದನ್ನು ನೋಡುತ್ತಾನೆ, ಕೇಳದ್ದನ್ನು ನೋಡುವುದಿಲ್ಲ. ಇದನ್ನು ನನಗಿಂತ ಚೆನ್ನಾಗಿ ಯಾರೂ ಹೇಳಲಾರರು.

ಅರಣ್ಯ ಸಚಿವರೇ, 1950ರಿಂದ ಪ್ರತಿ ಜುಲೈನಲ್ಲಿ ವನಮಹೋತ್ಸವ ಬರುತ್ತದೆ. ಅದೇ ಜುಲೈನಲ್ಲಿ ಪದವಿನ ಹೂ ಅರಳುತ್ತದೆ. ಹೂವಿನ ನಡುವೆ ಗುಂಡಿ ತೋಡಿ ಗಿಡ ನೆಡುವುದನ್ನು ನಿಲ್ಲಿಸಿ. ಗಿಡ ನೆಡಲು ರಸ್ತೆಬದಿ ಇದೆ, ಶಾಲೆಯ ಅಂಗಳ ಇದೆ, ಕಡಿದ ಕಾಡು ಇದೆ. ಹುಲ್ಲಿನ ನೆಲವನ್ನು ಹುಲ್ಲಿನ ನೆಲವಾಗಿಯೇ ಕಾಯಲು ನಿಮ್ಮ ಇಲಾಖೆಗೆ ಬರುತ್ತದೆ ಎಂಬುದಕ್ಕೆ ಬೆಂಗಳೂರಿನ ಹೆಸರಘಟ್ಟವೇ ಸಾಕ್ಷಿ. 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಬೇಡವೆಂದ ಪ್ರಸ್ತಾವವನ್ನು ಅದೇ ಮಂಡಳಿ 2024ರ ಅಕ್ಟೋಬರಿನಲ್ಲಿ ಒಪ್ಪಿತು. ಹುಲ್ಲುಗಾವಲು, ಕೆರೆ ಎಲ್ಲ ಸೇರಿ 5,678 ಎಕರೆ ಸಂರಕ್ಷಣಾ ಮೀಸಲು ಆಗುತ್ತದೆ ಎಂದಾಯಿತು. ಆ ಸುದ್ದಿ ಓದಿದ ದಿನ ನಾನು ಪೇಪರು ಕತ್ತರಿಸಿ ಇಟ್ಟುಕೊಂಡೆ. ರಾಜಧಾನಿಯ ಪಕ್ಕದ ಹುಲ್ಲಿಗೆ ಸಿಕ್ಕ ಮರ್ಯಾದೆ ಕರಾವಳಿಯ ಒಂದೆರಡು ಪದವಿಗಾದರೂ ಸಿಗಲಿ. ಯಾವ ಪದವು ಎಂದು ಊರಿನವರನ್ನು ಕೇಳಿ ನಿರ್ಧರಿಸಿ, ದನ ಮೇಯಿಸುವವರ ಹಕ್ಕು ಹಾಗೆಯೇ ಉಳಿಸಿ. ದನ ಮತ್ತು ಕತ್ತಿ ಇದ್ದದ್ದರಿಂದಲೇ ಅದು ಇಷ್ಟು ಕಾಲ ಉಳಿದಿದೆ.

ನಗರದ ಉದ್ಯಾನ, ಕೆರೆ ನೋಡಿಕೊಳ್ಳುವವರು ಈ ಪತ್ರ ಓದಿದರೆ ಅವರಲ್ಲೂ ಒಂದು ಮಾತು. ಏರಿಯ ಒಂದು ಬದಿ, ಪಾರ್ಕಿನ ಒಂದು ಮೂಲೆ, ನವೆಂಬರಿನವರೆಗೆ ಮೆಷಿನ್ ಹಾಕದೆ ಬಿಡಿ. ಅಲ್ಲೊಂದು ಬೋರ್ಡು ನೆಟ್ಟು ಕಾರಣ ಬರೆಯಿರಿ. ದೂರು ಬಂದರೆ ಮೋರಿ ಸ್ವಚ್ಛ ಮಾಡಿಸಿ.

ಆ ಹಳೆಯ ಮಹಜರು ಯಾವುದೋ ರೆಕಾರ್ಡು ರೂಮಿನಲ್ಲಿ ನನ್ನ ಕೈಬರಹದಲ್ಲಿ ಇನ್ನೂ ಇರಬೇಕು. ನೆಲ ಹೋಯಿತು, ಕಾಗದ ಉಳಿದಿದೆ. ನಿಯಮದಲ್ಲಿ ಅವಕಾಶವಿದ್ದರೆ ಅದರ ಕೆಳಗೆ ಒಂದು ಷರಾ ಸೇರಿಸಲು ನನಗೆ ಅನುಮತಿ ಕೊಡಿ. ಒಕ್ಕಣೆ ಹೀಗಿದೆ:

“ಸದರಿ ಜಮೀನನ್ನು ಬೇಸಿಗೆಯಲ್ಲಿ ಮಾತ್ರ ತನಿಖೆ ಮಾಡಲಾಗಿದೆ. ಮಳೆಗಾಲದಲ್ಲಿ ಇಲ್ಲಿ ಮುಳಿಹುಲ್ಲು, ತಗಚೆ ಮತ್ತು ನೀಲಿ ಹೂವಿನ ಸಣ್ಣ ಗಿಡಗಳು ಇರುತ್ತವೆ. ಹಳದಿ ಚಿಟ್ಟೆಗಳು ಇರುತ್ತವೆ. ಕೆಳಗಿನ ಬೈಲಿನ ಬಾವಿಗಳಿಗೆ ನೀರು ಇಲ್ಲಿಂದ ಹೋಗುತ್ತದೆ. ದರಗು ಗುಡಿಸುತ್ತಿದ್ದ ಸ್ಥಳೀಯ ವೃದ್ಧೆಯೊಬ್ಬರು ಈ ಬಗ್ಗೆ ಸ್ಥಳದಲ್ಲಿ ತಿಳಿಸಿದ್ದು, ಅವರ ಹೇಳಿಕೆಯನ್ನು ಆ ದಿನ ದಾಖಲಿಸಿರುವುದಿಲ್ಲ.”

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಾಮ ಲೆಕ್ಕಿಗ,
ಬೆಂಗಳೂರು